ಶಿಶುನಾಳದ ಪದ : ಅದರ ಹುಟ್ಟು, ಅದರ ಕಟ್ಟು

ಶಿಶುನಾಳ ಶರೀಫ ಸಾಹೇಬರನ್ನು 'ಕರ್ನಾಟಕದ ಕಬೀರ'ರೆಂದು ಕರೆಯುವ ರೂಢಿ ನಮ್ಮಲ್ಲಿ ಬೇರುಬಿಟ್ಟಿದೆ. ಸಭೆಯಲ್ಲಿ ಭಾಷಣಕಾರರು ಹಾಗೆನ್ನುತ್ತಾರೆ. ಪರೀಕ್ಷೆಯಲ್ಲಿ ಹುಡುಗರು ಹಾಗೆ ಬರೆಯುತ್ತಾರೆ. ನಾವು ಗುಣ ಕೊಡುತ್ತೇವೆ. ಮಾತಿನಲ್ಲಿ ಗೌರವವೇನೋ ಇದೆ. ಆದರೆ ಇಂಥ ಹೋಲಿಕೆಯಿಂದ ಒಂದು ಹಾನಿಯೂ ಉಂಟು. ಕಾಶಿಯ ಕಡೆಗೆ ಕೈ ತೋರಿಸಿದೊಡನೆ ನಮ್ಮ ಕಣ್ಣು ಶಿಗ್ಗಾವಿಯ ಸುತ್ತಲಿನ ನೆಲವನ್ನು ನೋಡುವದನ್ನೇ ಬಿಡುತ್ತದೆ. ಶರೀಫರ ಪದಗಳು ಯಾವ ಹೊಲದಲ್ಲಿ ಬೆಳೆದವು, ಯಾರ ಬೀಜ, ಯಾರ ನೀರು, ಕಟ್ಟಿದವರು ಹೇಗೆ ಕಟ್ಟಿದರು, ಹಾಡಿದವರು ಯಾರು ಎಂಬ ಪ್ರಶ್ನೆಗಳು ಕೇಳದೆಯೇ ಉಳಿಯುತ್ತವೆ. ಈ ಲೇಖನದಲ್ಲಿ ಆ ಪ್ರಶ್ನೆಗಳನ್ನು ಕೇಳಬೇಕೆಂದಿದ್ದೇನೆ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು ಹಳೆಯ ಧಾರವಾಡ ಜಿಲ್ಲೆಯ ತೆಂಕಣ ಭಾಗ; 1997ರಿಂದ ಹಾವೇರಿ ಜಿಲ್ಲೆಗೆ ಸೇರಿದವು. ಪಡುವಣದಲ್ಲಿ ಹಾನಗಲ್ಲ ಅರೆಮಲೆನಾಡು. ಕೆರೆ, ಭತ್ತ, ಹಂಚಿನ ಮನೆ. ಮೂಡಣಕ್ಕೆ ಬಂದಂತೆ ಕರಿಯ ಮಣ್ಣು, ಜೋಳ, ಹತ್ತಿ, ಮಣ್ಣಿನ ಮಾಳಿಗೆಯ ಮನೆ. ನಡುವೆ ವರದೆ ಹರಿಯುತ್ತಾಳೆ. ಎರಡು ನಾಡುಗಳು ಸೇರುವ ಈ ಅಂಚಿನಲ್ಲಿ ಮತಗಳೂ ಸೇರಿವೆ, ಕೆಲವೊಮ್ಮೆ ಕಾದಾಡಿಯೂ ಇವೆ. ಶಿಗ್ಗಾವಿ ತಾಲೂಕಿನ ಬಂಕಾಪುರ 9ನೆಯ ಶತಮಾನದಲ್ಲಿ ಜೈನರ ದೊಡ್ಡ ವಿದ್ಯಾಕೇಂದ್ರ. ಗುಣಭದ್ರರ ಉತ್ತರಪುರಾಣ ಲೋಕಮಾನ್ಯವಾದದ್ದು 898ರಲ್ಲಿ ಅಲ್ಲಿಯೇ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ 1200ರ ಸುಮಾರಿನ ಒಂದು ದೊಡ್ಡ ಶಾಸನವಿದೆ. ಏಕಾಂತದ ರಾಮಯ್ಯ ಜೈನರೊಡನೆ ವಾದಕ್ಕಿಳಿದು ತನ್ನ ತಲೆಯನ್ನೇ ಪಣವಿಟ್ಟ ಕಥೆಯನ್ನು ಅದು ಹೇಳುತ್ತದೆ. ಮುಂದೆ ಸವಣೂರು ನವಾಬರ ಪಟ್ಟಣವಾಯಿತು. ಅದೇ ಊರಿನಲ್ಲಿ ಸತ್ಯಬೋಧ ಸ್ವಾಮಿಗಳ ಮಠವೂ ಬೆಳೆಯಿತು. ಮತ ಎಂಬುದು ಪುಸ್ತಕದಲ್ಲಿರುವ ವಿಷಯವಲ್ಲ, ಪಕ್ಕದ ಮನೆಯ ವಿಷಯ ಎಂಬುದನ್ನು ಈ ನೆಲ ಸಾವಿರ ವರ್ಷಗಳಿಂದ ಬಲ್ಲದು.

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ. ಹಿಂದಿನ ವರ್ಷವೇ ಪೇಶವಾಯಿ ಮುಗಿದು ಈ ಸೀಮೆ ಕುಂಪಣಿ ಸರಕಾರದ ಕೈಗೆ ಬಂದಿತ್ತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ತಂದೆಯವರು ಹತ್ತಿರದ ಹುಲಗೂರಿನ ಖಾದರಿ ಪರಂಪರೆಗೆ ನಡೆದುಕೊಳ್ಳುತ್ತಿದ್ದವರು. ಹುಡುಗ ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರನಾದ. ರಾಮಾಯಣ, ಭಾರತಗಳ ಜೊತೆಗೆ ಚಾಮರಸನ ಪ್ರಭುಲಿಂಗಲೀಲೆಯೂ ಅವನ ಕೈಯಲ್ಲಿತ್ತೆಂದು ಪರಂಪರೆ ಹೇಳುತ್ತದೆ. ಅನಂತರ ಸಿಕ್ಕವರು ಕಳಸದ ಗೋವಿಂದ ಭಟ್ಟರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಭಟ್ಟರು ಶಿಷ್ಯನಿಗೆ ತಮ್ಮ ಜನಿವಾರವನ್ನೇ ಹಾಕಿದರೆಂಬ ಕಥೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಕಥೆಯ ನಿಜಸುಳ್ಳನ್ನು ತೂಗಿ ನೋಡುವದಕ್ಕಿಂತ, ಅದನ್ನು ಎರಡೂ ಕಡೆಯ ಜನ ಇಷ್ಟಪಟ್ಟು ಹೇಳಿಕೊಂಡು ಬಂದಿದ್ದಾರೆ ಎಂಬುದೇ ಚರಿತ್ರೆಕಾರನಿಗೆ ಮುಖ್ಯವಾದ ಸಂಗತಿ. ಮದುವೆಯಾಯಿತು, ಹೆಣ್ಣು ಮಗುವಾಯಿತು, ತಾಯಿ ಮಗು ಇಬ್ಬರೂ ಉಳಿಯಲಿಲ್ಲ. ಅಲ್ಲಿಂದ ಮುಂದಿನ ಬಾಳೆಲ್ಲ ಗುರುವಿನ ಸಂಗ, ಪದ, ತಿರುಗಾಟ. 1889ರಲ್ಲಿ ಅವರು ತೀರಿಕೊಂಡರು. ಶಿಶುನಾಳದ ಗದ್ದುಗೆಗೆ ಇಂದಿಗೂ ಇಬ್ಬಗೆಯ ಭಕ್ತರೂ ನಡೆದುಕೊಳ್ಳುತ್ತಾರೆ.

ಇಷ್ಟು ಜೀವನಚರಿತ್ರೆ. ಇನ್ನು ಪದಗಳ ವಂಶವನ್ನು ನೋಡೋಣ.

ಶಿಶುನಾಳದಿಂದ ಬಹು ದೂರವಲ್ಲದ ಬಾಡ, ಅದೇ ಶಿಗ್ಗಾವಿ ತಾಲೂಕಿನ ಊರು, ಕನಕದಾಸರ ಹುಟ್ಟೂರು. ಕನಕದಾಸರ ಮುಂಡಿಗೆಗಳನ್ನು ಬಲ್ಲವರಿಗೆ ಶರೀಫರ ಒಗಟಿನ ಪದಗಳು ಎಲ್ಲಿಂದ ಬಂದವೆಂದು ಬೇರೆ ಹೇಳಬೇಕಾಗಿಲ್ಲ. ಹೊರಗೆ ಅಸಂಬದ್ಧ, ಒಳಗೆ ಅರ್ಥ. ಒಡೆದವನಿಗೆ ಹಣ್ಣು, ಒಡೆಯಲಾರದವನಿಗೆ ಬರಿಯ ನಗೆ. ಇದಕ್ಕೂ ಹಿಂದೆ ಅಲ್ಲಮನ ಬೆಡಗಿನ ವಚನಗಳಿವೆ. ಅವುಗಳ ನೆರಳು ಪ್ರಭುಲಿಂಗಲೀಲೆಯ ಮೂಲಕ ಶರೀಫರ ವರೆಗೆ ಬಂದಿದ್ದರೆ ಆಶ್ಚರ್ಯವಿಲ್ಲ. ತೆಂಕಣಕ್ಕೆ ಅಬಲೂರು. ಒಂದು ಕಾಲಕ್ಕೆ ತಲೆಯ ಪಣವನ್ನು ಕಂಡ ಆ ಊರೇ ಜಾತಿಯನ್ನು ನಕ್ಕು ತಳ್ಳಿದ ಸರ್ವಜ್ಞನನ್ನೂ ತನ್ನವನೆಂದು ಹೇಳಿಕೊಳ್ಳುತ್ತದೆ. ಸರ್ವಜ್ಞನ ತ್ರಿಪದಿ ಕಲಿಸಿದ್ದು ಇನ್ನೊಂದು ಪಾಠ: ಮಾತು ಚಿಕ್ಕದಿರಬೇಕು, ಪೆಟ್ಟು ಕೊನೆಯಲ್ಲಿರಬೇಕು, ಸಂತೆಗೆ ಹೋಗುವವನ ಬಾಯಲ್ಲಿ ತಾನೇ ನಿಲ್ಲಬೇಕು. ಆ ತ್ರಿಪದಿಗಳನ್ನು ಊರೂರು ತಿರುಗಿ ಕಲೆಹಾಕಿ 1924ರಲ್ಲಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪನವರು, ಕ್ರೈಸ್ತ ಪಾದ್ರಿಗಳು. ಈ ನಾಡಿನಲ್ಲಿ ಒಬ್ಬರ ಪದವನ್ನು ಇನ್ನೊಬ್ಬರು ಕಾಯುವದು ಹೊಸದಲ್ಲ.

ಮೂರನೆಯ ಮೂಲ ಹುಲಗೂರಿನದು, ಮೊಹರಮ್ಮಿನದು. ಇದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. 680ರಲ್ಲಿ ಕರ್ಬಲೆಯ ಬಯಲಿನಲ್ಲಿ ಪ್ರವಾದಿಗಳ ಮೊಮ್ಮಗ ಹುಸೇನರು ಮಡಿದ ದುಃಖವು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬವಾಗಿ, ಪದವಾಗಿ, ಹೆಜ್ಜೆಯಾಗಿ ಮಾರ್ಪಟ್ಟಿದೆ. ಪಂಜೆ ಕೂಡ್ರಿಸುತ್ತಾರೆ, ಅಲಾವಿಯ ಕುಣಿ ತೆಗೆದು ಬೆಂಕಿ ಹಾಕುತ್ತಾರೆ, ಅದರ ಸುತ್ತ ಮೇಳ ಹೆಜ್ಜೆ ಹಾಕುತ್ತ ರಿವಾಯತ ಪದ ಹಾಡುತ್ತದೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲಿಯೂ ಇದು ನಡೆಯುವದುಂಟು. ಹಾಡುವವರಲ್ಲಿ ಕುರುಬರಿದ್ದಾರೆ, ಲಿಂಗವಂತರಿದ್ದಾರೆ, ತಳವಾರರಿದ್ದಾರೆ. ಶರೀಫರು ಅಲಾವಿಯ ಪದಗಳನ್ನು ಬಹಳ ಕಟ್ಟಿದ್ದಾರೆ. ಅವರ ಲಯದ ಬಲ, ಕಾಲಿಗೆ ಒದಗುವ ಆ ಬಡಿತ, ಬಹುಮಟ್ಟಿಗೆ ಇಲ್ಲಿಯದೆಂದು ನನ್ನ ಎಣಿಕೆ. ಕುಳಿತು ಕೇಳುವ ಪದಕ್ಕೂ ಕುಣಿದು ಹಾಡುವ ಪದಕ್ಕೂ ಕಟ್ಟಿನಲ್ಲಿಯೇ ಭೇದವುಂಟು. ಶರೀಫರಿಗೆ ಎರಡೂ ಬರುತ್ತಿದ್ದವು.

ಇನ್ನು ಕಟ್ಟುವ ರೀತಿ. ಶರೀಫರ ಪದಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ನಾಲ್ಕು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು, ಎದುರಿಗೆ ಕಂಡ ವಸ್ತುವಿನಿಂದಲೇ ಪದವನ್ನು ಎತ್ತುವದು. ಸೋರುವ ಮಾಳಿಗೆ, ಗುಡುಗುಡಿ, ತಂಬೂರಿ, ತೇರು, ಮುದುಕಿ. ಅವರ ಕಾಲದಲ್ಲಿ ಹೊಸದಾಗಿದ್ದ ಗಿರಣಿಯನ್ನು ಕೂಡ ಅವರು ಬಿಡಲಿಲ್ಲ. ಅದನ್ನು ಶರಣರ ಗಿರಣಿಯನ್ನಾಗಿ ಮಾಡಿದರು. ತತ್ತ್ವ ಹೇಳುವವನು ಆಕಾಶದಿಂದ ಇಳಿದು ಬರುವದಿಲ್ಲ, ಜಗುಲಿಯ ಮೇಲಿಂದ ಏಳುತ್ತಾನೆ. ಮಾಳಿಗೆಯ ಪದವನ್ನೇ ನೋಡಿರಿ. ಹಾನಗಲ್ಲ ಕಡೆಯ ಹಂಚಿನ ಮನೆಯಲ್ಲಿ ಸೋರಿದರೆ ಒಂದು ಹಂಚು ಸರಿಸಿದರಾಯಿತು. ಮಣ್ಣಿನ ಮಾಳಿಗೆಯ ಸೋರಿಕೆ ಹಾಗಲ್ಲ. ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ತೂತು ಎಲ್ಲಿದೆಯೆಂದು ಗೊತ್ತಾಗುವದಿಲ್ಲ. ಮಳೆಯಲ್ಲಿ, ಕತ್ತಲೆಯಲ್ಲಿ ಮೇಲೇರಿ ನೋಡುವಂತೆಯೂ ಇಲ್ಲ. ಅಜ್ಞಾನವೂ ಹೀಗೆಯೇ ಎನ್ನಲು ಇದಕ್ಕಿಂತ ಒಳ್ಳೆಯ ಉಪಮೆ ಎರೆಯ ನಾಡಿನವನಿಗೆ ಸಿಕ್ಕೀತೆ? ಮಳೆಗಾಲದಲ್ಲಿ ರಾತ್ರಿಯೆಲ್ಲ ಪಾತ್ರೆ ಇಡುತ್ತ ಕುಳಿತವನಿಗೆ ಈ ಪದವನ್ನು ವ್ಯಾಖ್ಯಾನಿಸಬೇಕಾಗಿಲ್ಲ.

ಎರಡನೆಯದು, ಒಂದೇ ಕ್ರಿಯಾಪದದ ಮೇಲೆ ಇಡಿಯ ಪದವನ್ನು ನಿಲ್ಲಿಸುವದು. ಕೋಳಿಯು ಕೋಡಗನನ್ನು ನುಂಗಿದ ಪದ ಎಲ್ಲರಿಗೂ ಗೊತ್ತು. ಅಲ್ಲಿ ನುಂಗುವದೊಂದೇ ಕೆಲಸ. ಒರಳು, ಒನಕೆ, ಬೀಸುವ ಕಲ್ಲು, ಗೋಡೆಗೆ ಬಳಿದ ಸುಣ್ಣ, ಮನೆಯೊಳಗಿನ ಒಂದೊಂದು ಸಾಮಾನೂ ಆ ಕ್ರಿಯೆಗೆ ಸಿಕ್ಕುತ್ತ ಹೋಗುತ್ತದೆ. ಕೇಳುವವನು ಮೊದಲು ನಗುತ್ತಾನೆ. ಆಮೇಲೆ ಮುಂದೆ ಯಾವದನ್ನು ಯಾವದು ನುಂಗೀತೆಂದು ಕಾಯತೊಡಗುತ್ತಾನೆ. ಕಡೆಗೆ ಗುರುವಿನ ಪಾದವು ಹಾಡುವವನನ್ನೇ ನುಂಗಿಬಿಟ್ಟಾಗ ನಗೆ ಅಲ್ಲಿಯೇ ನಿಲ್ಲುತ್ತದೆ. ನಗೆಯಿಂದ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುವ ಈ ಉಪಾಯ ಸಾಮಾನ್ಯವಾದುದಲ್ಲ.

ಮೂರನೆಯದು, ಪದವು ಯಾರನ್ನೋ ಕರೆದು ಮಾತನಾಡುತ್ತದೆ. ತಂಗಿ, ತಮ್ಮ, ಅಣ್ಣ, ಮುದುಕಿ, ಹೀಗೆ. ಉಪದೇಶದ ಗಂಟಲು ಇಲ್ಲಿ ಇಲ್ಲ. ಬಾವಿಯ ಕಟ್ಟೆಯ ಮೇಲೆ, ಅಗಸಿಯ ಬಾಗಿಲಲ್ಲಿ ಆಡುವ ಮಾತಿನ ದನಿ ಇದೆ. ಧಾರವಾಡ ಸೀಮೆಯ ಆಡುಗನ್ನಡವು ಉರ್ದು, ಫಾರಸಿ, ಮರಾಠಿ ಶಬ್ದಗಳನ್ನು ಮಡಿಲಲ್ಲಿಟ್ಟುಕೊಂಡು ಹಾಗೆಯೇ ಬರುತ್ತದೆ. ಇದನ್ನು ಪಂಡಿತರು ಬಹಳ ದಿನ ಕಾವ್ಯವೆಂದು ಎಣಿಸಲಿಲ್ಲ. ಜನ ಅವರ ಅಪ್ಪಣೆಗಾಗಿ ಕಾಯಲೂ ಇಲ್ಲ.

ನಾಲ್ಕನೆಯದು ಎಲ್ಲಕ್ಕೂ ಮುಖ್ಯವಾದದ್ದು: ಪದವನ್ನು ಹಿಮ್ಮೇಳಕ್ಕಾಗಿ ಕಟ್ಟುವದು. ಪಲ್ಲವನ್ನು ಒಬ್ಬ ಎತ್ತುತ್ತಾನೆ, ಮೇಳ ಹಿಂದಿರುಗಿಸುತ್ತದೆ; ನುಡಿಯನ್ನು ಒಬ್ಬ ಹೇಳುತ್ತಾನೆ, ನುಡಿಯ ಬಾಲವನ್ನು ಮೇಳ ಹಿಡಿಯುತ್ತದೆ. ಹೀಗಾಗಿ ಬಾಲ ಹಗುರಾಗಿರಬೇಕು, ಒಂದು ಸಲ ಕೇಳಿದವನ ನಾಲಗೆಗೆ ಬರಬೇಕು. ಕೊನೆಯ ನುಡಿಯಲ್ಲಿ ಗುರು ಗೋವಿಂದನ ನೆನಪು, ಶಿಶುನಾಳಾಧೀಶನ ಅಂಕಿತ. ಈ ಅಂಕಿತವೂ ವಿಚಾರ ಮಾಡತಕ್ಕದ್ದು. ಶಿಶುನಾಳದ ದೇವರು ಬಸವಣ್ಣ, ಗುರು ವೈದಿಕ, ಕಟ್ಟಿದವರು ಮುಸಲ್ಮಾನರು. ಮೂರೂ ಒಂದು ಸಾಲಿನಲ್ಲಿ ಕುಳಿತಿರುವಾಗ ಸರ್ವಧರ್ಮ ಸಮನ್ವಯದ ಮೇಲೆ ಬೇರೆ ವ್ಯಾಖ್ಯಾನವೇಕೆ?

ಇಲ್ಲಿ ಒಂದು ದೂರದ ಹೋಲಿಕೆ ನೆನಪಾಗುತ್ತದೆ, ವಾಚಕರು ಮನ್ನಿಸಬೇಕು. ನನ್ನ ತರಗತಿಯ ಕೆಲವು ಹುಡುಗರಿಗೆ ಇಂಗ್ಲಿಷ್ ಬ್ಯಾಂಡುಗಳ ಹುಚ್ಚು. ಅವರಿಂದ ತಿಳಿದು, ಅನಂತರ ನಾನೂ ಓದಿಕೊಂಡದ್ದಿದು. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಒಂದು ಚಿಕ್ಕ ಸಭಾಗೃಹದಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಗದ್ದಲದ ಹಾಡುಗಾರಿಕೆ ನಡೆಯಿತು. ಬಂದವರು ಬೆರಳೆಣಿಕೆಯ ಮಂದಿ. ಇಷ್ಟೇ ಸಂಗೀತ ಬಂದರೆ ಸಾಕು ಎಂದಾದರೆ ನಾವೇಕೆ ಹಾಡಬಾರದು ಎಂದುಕೊಂಡು ಮನೆಗೆ ಹೋದ ಕೆಲವು ಹುಡುಗರು ಮುಂದೆ ಜಾಯ್ ಡಿವಿಜನ್ ಎಂಬ ತಂಡವಾದರು. ಪಂಕ್ ಆದಮೇಲೆ ಬಂದದ್ದೆಂದು ಆ ಬಗೆಯ ಹಾಡಿಗೆ ಪೋಸ್ಟ್-ಪಂಕ್ ಎಂದು ಹೆಸರು. ಮೊದಲು ತಂಡ ಕೂಡಿ ನುಡಿಸುತ್ತ ಹೋಗುವದು, ಹಾಡುಗಾರ ಇಯಾನ್ ಕರ್ಟಿಸ್ ಅದರಲ್ಲಿ ಹಿಡಿಯತಕ್ಕ ತುಣುಕನ್ನು ಗುರುತಿಸಿ ತಾನು ಬರೆದಿಟ್ಟ ಸಾಲುಗಳನ್ನು ಹೊಂದಿಸುವದು, ಇದು ಅವರ ಹಾಡು ಕಟ್ಟುವ ಪದ್ಧತಿ. ಸುತ್ತಲಿನ ಗಿರಣಿ ಊರಿನ ಬೇಸರವೇ ಅವರ ವಸ್ತು. ಕರ್ಟಿಸ್ 1980ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮ ಭಜನೆಯ ಮೇಳಕ್ಕೂ ಅದಕ್ಕೂ ಎಲ್ಲಿಯ ನಂಟು ಎಂದು ಕೇಳಬಹುದು. ನಂಟಿಲ್ಲ, ಸಾದೃಶ್ಯವಿದೆ. ಎರಡೂ ಕಡೆಗೆ ಶಾಸ್ತ್ರ ಕಲಿಯದವರೇ ಹಾಡು ಕಟ್ಟಿದರು. ಎರಡೂ ಕಡೆಗೆ ಲಯವು ಸ್ವರಕ್ಕಿಂತ ಮುಂದೆ ನಡೆಯಿತು. ಎರಡೂ ಕಡೆಗೆ ಕೇಳಲು ಬಂದವನೇ ಹಾಡಲು ಎದ್ದ. ಭೇದವೂ ಸ್ಪಷ್ಟವಾಗಿದೆ. ಅಲ್ಲಿಯ ಹಾಡು ತನ್ನ ಒಂಟಿತನವನ್ನು ಹೇಳಿಕೊಂಡಿತು. ಇಲ್ಲಿಯ ಪದ ಕೊನೆಯ ನುಡಿಯಲ್ಲಿ ತನ್ನನ್ನು ಗುರುವಿಗೆ ಒಪ್ಪಿಸಿ ಹಗುರಾಯಿತು. ಹೆಂಡತಿ ಮಗುವನ್ನು ಕಳೆದುಕೊಂಡವನಿಗೆ ಒಂಟಿತನ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಹಿಂದೆ ಹಿಮ್ಮೇಳವಿತ್ತು.

ಹಿಮ್ಮೇಳದ ಮಾತು ಬಂದಾಗ ಹಾನಗಲ್ಲನ್ನು ನೆನೆಯದೆ ಇರಲಾಗದು. ಇದೇ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ, ಶರೀಫರು ತೀರಿದ ಮೂರು ವರ್ಷಕ್ಕೆ, ಪಂಚಾಕ್ಷರಿ ಗವಾಯಿಗಳು ಹುಟ್ಟಿದರು. ಹುಟ್ಟುಕುರುಡರು. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಅವರ ಕೈಹಿಡಿದು ಸಂಗೀತಕ್ಕೆ ಹಚ್ಚಿದರು. ಮುಂದೆ ಗದುಗಿನ ಪುಣ್ಯಾಶ್ರಮದಲ್ಲಿ ಅವರೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅದೆಷ್ಟು ಕುರುಡು ಹುಡುಗರಿಗೆ ಹಾಡು ಕಲಿಸಿದರೆಂಬುದನ್ನು ನಾಡು ಬಲ್ಲದು. ವಚನಗಳು ಹಿಂದುಸ್ತಾನಿ ರಾಗಗಳಲ್ಲಿ ಸಭೆಗೆ ಏರಿದ್ದು ಅವರಂಥವರ ತಪಸ್ಸಿನಿಂದ. ಊರಿನ ಹೆಸರನ್ನು ಜಗತ್ತಿಗೆ ಒಯ್ದ ಗಂಗೂಬಾಯಿ ಹಾನಗಲ್ಲರನ್ನು ಬೇರೆ ಹೇಳಬೇಕಾಗಿಲ್ಲ. ಹೀಗೆ ಒಂದೇ ನೆಲದಲ್ಲಿ ಎರಡು ದಾರಿಗಳು: ಒಂದು ರಾಗದ್ದು, ಒಂದು ಧಾಟಿಯದು. ಒಮ್ಮೆ ಶಿಗ್ಗಾವಿ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿ ಭಜನೆ ಕೇಳುತ್ತ ಕುಳಿತಾಗ, ಮೇಳದ ಹಿರಿಯನನ್ನು "ಅಜ್ಜಾ, ಈ ಪದ ಯಾವ ರಾಗದಾಗ ಐತಿ?" ಎಂದು ಕೇಳಿದೆ. ಆತ ತಾಳವನ್ನು ತೊಡೆಯ ಮೇಲಿಟ್ಟು, "ರಾಗ ನಿಮಗ ಗೊತ್ತಿರ್ತದರಿ ಮಾಸ್ತರ, ನಮಗ ಧಾಟಿ ಅಷ್ಟ ಗೊತ್ತು" ಎಂದ. ಆತನ ಮಾತಿನಲ್ಲಿ ನಾಚಿಕೆಯಿರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದ. ಅಪ್ಪನಿಂದ ಮಗನಿಗೆ, ಮೇಳದಿಂದ ಮೇಳಕ್ಕೆ ಹೋದದ್ದು ಆ ಧಾಟಿಯೇ. ಬರೆದಿಟ್ಟ ವಹಿಗಳು ಕಳೆದರೂ ಪದ ಉಳಿದದ್ದು ಅದರಿಂದಲೇ.

ಶರೀಫರ ಪದಗಳು ಹಳ್ಳಿಯ ಗಡಿ ದಾಟಿ ಕನ್ನಡ ನಾಡಿನ ಸೊತ್ತಾದದ್ದು ಇತ್ತೀಚಿನ ಕಥೆ. ಸಿ. ಅಶ್ವಥ್ ಅವರ ಕಂಠ ಅದರಲ್ಲಿ ಮೊದಲು ಹೇಳತಕ್ಕದ್ದು. ಟಿ. ಎಸ್. ನಾಗಾಭರಣರು ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರ 1990ರಲ್ಲಿ ಬಂದಿತು. ಶ್ರೀಧರ್ ಶರೀಫರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರು, ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ತ ಪ್ರಶಸ್ತಿ ಅದಕ್ಕೆ ಸಂದಿತು. 2008ರಲ್ಲಿ ರಘು ದೀಕ್ಷಿತರ ತಂಡ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ಗುಡುಗುಡಿಯ ಪದವನ್ನೂ ಮಾಳಿಗೆಯ ಪದವನ್ನೂ ಗಿಟಾರು, ಡ್ರಮ್ಮುಗಳೊಡನೆ ಹಾಡಿತು. ಆ ತಂಡದ ಹಾಡು ವಿಲಾಯತಿಯ ವೇದಿಕೆಗಳನ್ನೂ ಏರಿತು. ಇದನ್ನು ಕಂಡು ಹುಬ್ಬುಗಂಟಿಕ್ಕುವವರು ಇದ್ದಾರೆ. ನನಗೆ ಹಾಗನ್ನಿಸುವದಿಲ್ಲ. ಗಿರಣಿಯನ್ನು ಕಂಡ ದಿನವೇ ಅದನ್ನು ಪದದೊಳಗೆ ಎಳೆದುಕೊಂಡವನ ಹಾಡಿಗೆ ಗಿಟಾರು ಮೈಲಿಗೆಯೆ? ಕೈಗೆ ಸಿಕ್ಕ ವಾದ್ಯದಿಂದ ಹಾಡುವದು ಮೇಳದ ಧರ್ಮ. ಹಾರ್ಮೋನಿಯಮ್ಮು ತಾನೆ ಎಲ್ಲಿಂದ ಬಂತು?

ನನ್ನ ಚಿಂತೆ ಬೇರೆ ಕಡೆಗಿದೆ. ವೇದಿಕೆಯೂ ಮುದ್ರಿಕೆಯೂ ಸೇರಿ ಶರೀಫರಿಂದ ಹತ್ತು ಹನ್ನೆರಡು ಪದಗಳನ್ನು ಆರಿಸಿಕೊಂಡಿವೆ. ಅವನ್ನೇ ಮತ್ತೆ ಮತ್ತೆ ಹಾಡುತ್ತವೆ. ಅವೆಲ್ಲ ತತ್ತ್ವಪದಗಳು. ಅಲಾವಿಯ ಪದಗಳು ಆ ಪಟ್ಟಿಯಲ್ಲಿ ಕಾಣುವದು ಬಲು ಅಪರೂಪ. ಗುರು ಗೋವಿಂದ ಭಟ್ಟರ ಶಿಷ್ಯನಾದ ಶರೀಫರು ನಮಗೆ ಬೇಕು. ಹುಲಗೂರಿಗೆ ನಡೆದುಕೊಂಡ, ಅಲಾವಿಯ ಕುಣಿಯ ಸುತ್ತ ಹೆಜ್ಜೆ ಹಾಕಿದ ಶರೀಫರು ಮರೆಯಾಗುತ್ತಿದ್ದಾರೆ. ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ ಇದು. ಆದರೆ ಫಲವೇನಾಗುತ್ತದೆ ನೋಡಿರಿ: ಅರ್ಧ ಶರೀಫರನ್ನು ಹಾಡಿ ಪೂರ್ಣ ಭಾವೈಕ್ಯದ ಪುಣ್ಯ ಕಟ್ಟಿಕೊಳ್ಳಲು ಹೊರಟಂತಾಗುತ್ತದೆ. ಅವರು ಮುಸಲ್ಮಾನರಾಗಿಯೂ ತತ್ತ್ವಪದ ಹಾಡಿದರೆಂದು ನಾವು ಹೊಗಳುತ್ತೇವೆ. ತತ್ತ್ವಪದ ಹಾಡುತ್ತಲೇ ಕರ್ಬಲೆಗಾಗಿ ಕಣ್ಣೀರಿಟ್ಟರು, ಅವರೊಡನೆ ಇಡಿಯ ಊರೇ ಇಟ್ಟಿತು ಎಂಬುದು ಅದಕ್ಕಿಂತ ದೊಡ್ಡ ಸಂಗತಿ. ಆ ಊರು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ರಿವಾಯತ ಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಹುಡುಗರು ಪಟ್ಟಣ ಸೇರುತ್ತಿದ್ದಾರೆ. ಮೇಳಕ್ಕೆ ಆರು ಜನ ಕೂಡದೆ ಹೆಜ್ಜೆ ನಿಂತ ಊರುಗಳನ್ನು ನಾನೇ ಕಂಡಿದ್ದೇನೆ.

ಇದಕ್ಕೆ ದೊಡ್ಡ ಸಂಸ್ಥೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಈ ನಾಲ್ಕು ತಾಲೂಕುಗಳ ಕಾಲೇಜುಗಳಲ್ಲಿ ಕನ್ನಡ ಓದುವ ಮಕ್ಕಳು ತಂತಮ್ಮ ಊರಿನ ಮೇಳದ ಮುಂದೆ ಒಂದು ಮೊಹರಮ್ಮಿನ ರಾತ್ರಿ ಕುಳಿತು, ಪದವನ್ನು ಮೊಟಕುಮಾಡದೆ, ಎಲ್ಲ ನುಡಿಗಳೊಡನೆ, ಹಿಮ್ಮೇಳದೊಡನೆ, ಧಾಟಿಯೊಡನೆ ದಾಖಲು ಮಾಡಿಕೊಂಡರೆ ಸಾಕು. ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ. ಉತ್ತಂಗಿ ಚನ್ನಪ್ಪನವರಿಗೆ ಅದೂ ಇರಲಿಲ್ಲ. ಅವರು ನಡೆದುಕೊಂಡು ಹೋಗಿ ಬರೆದುಕೊಂಡು ಬಂದರು. ಬರೆದುಕೊಂಡು ಬಂದರೆ ಸಾಲದು, ಒಂದೆರಡು ಪದವನ್ನಾದರೂ ಕಲಿತು ಬರಬೇಕು. ಮುಂದಿನ ವರ್ಷ ಮೇಳಕ್ಕೆ ಒಬ್ಬ ಕಡಿಮೆ ಬಿದ್ದಾಗ ಹಿಂದೆ ನಿಂತು ಬಾಲ ಹಿಡಿಯುವಷ್ಟಾದರೂ ಬರಬೇಕು.